ಕಿವಿಗೆ ಮಿಷನ್ ಬಂದ ಮೇಲೆ

ಶ್ರವಣ ಸಾಧನ ಹಾಕಿಸಿಕೊಂಡವರನ್ನು ಕಂಡರೆ ನಮ್ಮ ಜನ ಕೇಳುವ ಪ್ರಶ್ನೆಗಳು ಎರಡೇ. ಎಷ್ಟಾಯಿತು ಎನ್ನುವುದು ಮೊದಲನೆಯದು, ಈಗ ಚೆನ್ನಾಗಿ ಕೇಳಿಸುತ್ತದೆಯೇ ಎನ್ನುವುದು ಎರಡನೆಯದು. ಈ ಎರಡನೆಯ ಪ್ರಶ್ನೆಯನ್ನು ಕಿವಿಯ ಹತ್ತಿರಕ್ಕೆ ಬಾಯಿ ತಂದು, ಮಿಷನ್ ಇಲ್ಲದ ದಿನಗಳಲ್ಲಿ ಕೂಗುತ್ತಿದ್ದುದಕ್ಕಿಂತ ಜೋರಾಗಿ ಕೂಗಿ ಕೇಳುತ್ತಾರೆ ಎಂಬುದು ಬೇರೆ ಮಾತು. ಮೊದಲನೆಯದಕ್ಕೆ ನನ್ನ ಬಳಿ ರಸೀದಿ ಇದೆ. ಎರಡನೆಯದಕ್ಕೆ ಹೌದು ಎಂದರೂ ತಪ್ಪಾಗುತ್ತದೆ, ಇಲ್ಲ ಎಂದರೂ ತಪ್ಪಾಗುತ್ತದೆ; ಆದ್ದರಿಂದ ವಿವರವಾಗಿ ಬರೆಯುವುದೇ ಒಳ್ಳೆಯದೆಂದುಕೊಂಡಿದ್ದೇನೆ.

ನನ್ನ ಕಿವಿ ಹಾಳಾಗಲು ಆರಂಭವಾದದ್ದು ದಾವಣಗೆರೆಯ ಬಟ್ಟೆ ಮಿಲ್ಲೊಂದರಲ್ಲಿ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ಆ ಊರಿನ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುವುದಕ್ಕೆ ಮುಂಚೆ ನಾನು ನೇಯ್ಗೆ ವಿಭಾಗದಲ್ಲಿ ಜಾಬರ್, ಅಂದರೆ ಮಗ್ಗಗಳ ಉಸ್ತುವಾರಿ ನೋಡಿಕೊಳ್ಳುವವನು, ಆಗಿದ್ದೆ. ಸಾಲು ಸಾಲು ಮಗ್ಗಗಳಲ್ಲಿ ಲಾಳಿ ಅತ್ತಿಂದಿತ್ತ ಬಡಿಯುವ ಶೆಡ್ಡಿನಲ್ಲಿ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ, ಮತ್ತು 8 ಗಂಟೆಯ ಪಾಳಿಗೆ ನಮ್ಮ ದೇಶದ ಕಾರ್ಖಾನೆ ನಿಯಮಗಳು ಇಟ್ಟಿದ್ದ ಮಿತಿಯೂ 90 ಡೆಸಿಬೆಲ್ಲೇ. ಶಬ್ದದಿಂದ ಬರುವ ಕಿವುಡು 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ, ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಸೇರಿತ್ತು ಎಂಬುದು ನನಗೆ ಗೊತ್ತಾದದ್ದು ಇತ್ತೀಚೆಗೆ. ನಮ್ಮ ಕಾಲದಲ್ಲಿ ಅದನ್ನು ಹೇಳುವವರೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಕೆಲವರು ನೆಲದ ಮೇಲೆ ಬಿದ್ದ ವೇಸ್ಟ್ ಹತ್ತಿಯನ್ನೇ ಉಂಡೆ ಮಾಡಿ ಕಿವಿಗೆ ತುರುಕಿಕೊಳ್ಳುತ್ತಿದ್ದರು. ಹತ್ತಿಯ ಉಂಡೆ ಅಂಥ ಸದ್ದನ್ನು ತಡೆಯುವುದು ಅಷ್ಟಕ್ಕಷ್ಟೆ.

ಶೆಡ್ಡಿನಲ್ಲಿ ಮಾತು ಕೇಳಿಸುವ ಪ್ರಶ್ನೆಯೇ ಇರಲಿಲ್ಲವಾದ್ದರಿಂದ ನಾವೆಲ್ಲರೂ ಕೈಸನ್ನೆಯಲ್ಲಿ, ತುಟಿಯ ಚಲನೆಯಲ್ಲಿ ವ್ಯವಹರಿಸುವುದನ್ನು ಕಲಿತಿದ್ದೆವು. ಈ ವಿದ್ಯೆ ಮಿಲ್ಲು ಬಿಟ್ಟು ಮಂಡಿಯೊಂದರಲ್ಲಿ ಲೆಕ್ಕ ಬರೆಯಲು ಕುಳಿತ ಮೇಲೂ ನನ್ನನ್ನು ಬಿಡಲಿಲ್ಲ, ಮತ್ತು ನನ್ನ ಕಿವಿಯ ಸ್ಥಿತಿಯನ್ನು ಬಹುಕಾಲ ಊರಿಗೆಲ್ಲ ಮರೆಮಾಚಿದ್ದು ಅದೇ. ಎದುರಿನವರ ತುಟಿ ನೋಡಿ ಅರ್ಧ ಮಾತು, ಸಂದರ್ಭದಿಂದ ಇನ್ನರ್ಧ ಮಾತು ಹೊಂದಿಸಿಕೊಳ್ಳುತ್ತಿದ್ದೆ. 2020ರಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡಾಗ ತುಟಿಗಳೇ ಕಾಣದಾದವು. ಸಾಲದ್ದಕ್ಕೆ, ಬಟ್ಟೆಯ ಹಿಂದಿನಿಂದ ಬರುವ ಮಾತಿನಲ್ಲಿ ನನ್ನ ಕಿವಿಗೆ ಮೊದಲೇ ದುರ್ಲಭವಾಗಿದ್ದ ಸಣ್ಣ ವ್ಯಂಜನಗಳು ಇನ್ನಷ್ಟು ಕ್ಷೀಣಿಸಿದವು. ಔಷಧಿ ಅಂಗಡಿಯಲ್ಲಿ, ಬ್ಯಾಂಕಿನ ಗಾಜಿನ ಕಿಂಡಿಯ ಮುಂದೆ ನಾನು ಸುಮ್ಮನೆ ತಲೆಯಾಡಿಸುವುದನ್ನು ಮಗಳು ನೋಡಿದಳು. ಮುಂದಿನದೆಲ್ಲ ಅವಳ ಹಠದಿಂದ ಆದದ್ದು.

ಮೊದಲು ಹೋದದ್ದು ಪೇಟೆಯ ಒಂದು ಅಂಗಡಿಗೆ. ಅಲ್ಲಿ ಕಿವಿಯೊಳಗೆ ಇಣುಕಿ ನೋಡುವ ಮೊದಲೇ ಮೂರು ದರದ ಮೂರು ಪೆಟ್ಟಿಗೆಗಳನ್ನು ಮುಂದಿಟ್ಟರು. ನಾವು ಎದ್ದು ಬಂದೆವು. ಮಗಳಿರುವುದು ಮೈಸೂರಿನಲ್ಲಿ. ಅಲ್ಲಿಯ ಮಾನಸಗಂಗೋತ್ರಿಯ ಪಕ್ಕದಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಮೈಸೂರಿನವರ ಬಾಯಲ್ಲಿ ಅದು ‘ಸ್ಪೀಚ್ ಅಂಡ್ ಹಿಯರಿಂಗ್’. ಪರೀಕ್ಷೆಗೆ ಅಲ್ಲಿಗೇ ಹೋಗುವುದೆಂದು ತೀರ್ಮಾನವಾಯಿತು.

ಪರೀಕ್ಷೆಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಮುಂದೆ ಮಿಷನ್ನಿಗೆ ಕೂರಿಸುವ ಲೆಕ್ಕವೆಲ್ಲ ನಿಂತಿರುವುದು ಅದರ ಮೇಲೆ. ಮೊದಲು ಕಿವಿಯ ಗುಗ್ಗೆ ತೆಗೆದು ತಮಟೆ ಸರಿಯಾಗಿದೆಯೇ ನೋಡುತ್ತಾರೆ. ಆಮೇಲೆ ಹೊರಗಿನ ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಒಂದೊಂದೇ ಸ್ವರವನ್ನು ಸಣ್ಣದು ಮಾಡುತ್ತಾ ಹೋಗುತ್ತಾರೆ. ಎಷ್ಟೇ ಸಣ್ಣಗೆ ಕೇಳಿಸಿದರೂ ಬೆರಳೆತ್ತಬೇಕು. 250 ಹರ್ಟ್ಜ್‌ನ ಗಡಸು ಸ್ವರದಿಂದ 8,000 ಹರ್ಟ್ಜ್‌ನ ಕೀರಲು ಸ್ವರದವರೆಗೆ ಒಂದೊಂದಕ್ಕೂ ಕಿವಿಯ ಮಿತಿಯನ್ನು ಆಡಿಯೋಗ್ರಾಮ್ ಎಂಬ ನಕ್ಷೆಯಲ್ಲಿ ಗುರುತು ಹಾಕುತ್ತಾರೆ, ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಕತ್ತರಿ ಗುರುತು. ಲೆಕ್ಕದ ನಕ್ಷೆಗಳಲ್ಲಿ ಗೆರೆ ಕೆಳಗಿಳಿದರೆ ನಷ್ಟವೆಂದು ಓದಿ ಅಭ್ಯಾಸವಿದ್ದ ನನಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ; ಇಲ್ಲಿ ಗೆರೆ ಕೆಳಗಿಳಿದಷ್ಟೂ ಡೆಸಿಬೆಲ್ ಹೆಚ್ಚು, ಅಂದರೆ ಕೇಳಿಸಲು ಅಷ್ಟು ಜೋರಾದ ಸದ್ದು ಬೇಕು. 250, 500ರ ಹತ್ತಿರ ನನ್ನ ಗೆರೆ 25 ಡೆಸಿಬೆಲ್ಲಿನ ಆಸುಪಾಸಿನಲ್ಲಿ ಸಾಮಾನ್ಯ ಕಿವಿಯವರಂತೆಯೇ ನಡೆದು, 2,000ಕ್ಕೆ 50ಕ್ಕೆ ಇಳಿದು, 4,000ಕ್ಕೆ 70ರ ತಗ್ಗಿಗೆ ಬಿದ್ದು, 8,000ದಲ್ಲಿ ತುಸು ಮೇಲೆದ್ದಿತ್ತು. ಗದ್ದಲದಲ್ಲಿ ದುಡಿದವರ ಕಿವಿಯ ಗುರುತೇ ಅದು ಎಂದು ಪರೀಕ್ಷೆ ಮಾಡಿದ ಹುಡುಗಿ ಹೇಳಿದರು. ನಾನು ಮಿಲ್ಲಿನ ಹೆಸರೆತ್ತುವ ಮೊದಲೇ ಅವರು ನನ್ನ ಉದ್ಯೋಗವೇನೆಂದು ಕೇಳಿದ್ದರು. ಕಿವಿಯ ಹಿಂದಿನ ಮೂಳೆಗೆ ಕಂಪನದ ಗುಂಡಿಯಿಟ್ಟು ನೋಡಿದಾಗಲೂ ಗೆರೆ ಅಲ್ಲೇ ಬಂತು, ಅಂದರೆ ದೋಷ ಇರುವುದು ಹೊರಗಿವಿಯಲ್ಲಲ್ಲ, ನಡುಗಿವಿಯಲ್ಲೂ ಅಲ್ಲ. ಒಳಗಿವಿಯ ಕಾಕ್ಲಿಯದೊಳಗಿನ, ಸದ್ದನ್ನು ಗ್ರಹಿಸುವ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮಾತ್ರೆಯ ಮಾತೂ ಶಸ್ತ್ರಚಿಕಿತ್ಸೆಯ ಮಾತೂ ಅಲ್ಲಿಗೆ ಮುಗಿಯಿತು.

ಆಮೇಲೆ ಪದಗಳ ಪರೀಕ್ಷೆ. ಹೆಡ್‌ಫೋನಿನಲ್ಲಿ ಕನ್ನಡದ ಸಣ್ಣ ಸಣ್ಣ ಪದಗಳು ಬರುತ್ತವೆ, ಕೇಳಿಸಿದ್ದನ್ನು ಹಾಗೆಯೇ ತಿರುಗಿ ಹೇಳಬೇಕು. ಸೊಪ್ಪು ಎಂದದ್ದಕ್ಕೆ ನಾನು ಉಪ್ಪು ಎಂದೆ. ಕಿವಿಗೆ ಬಿದ್ದದ್ದು ಹಾಗೆಯೇ. ಕನ್ನಡದ ಪದಗಳಲ್ಲಿ ಅ, ಇ, ಉ ಮುಂತಾದ ಸ್ವರಾಕ್ಷರಗಳದೇ ಬಲ. ಅವು ಗಟ್ಟಿಯಾಗಿಯೂ ತಗ್ಗಿನ ಸ್ಥಾಯಿಯಲ್ಲಿಯೂ ಇರುವುದರಿಂದ ನನಗೆ ಪೂರ್ತಿ ಸಿಗುತ್ತಿದ್ದವು. ಸ, ಶ, ತ, ಪ, ಕ ಮುಂತಾದವು ಸಣ್ಣ ಸದ್ದುಗಳು; ಅದರಲ್ಲೂ ಸಕಾರದ ಶಕ್ತಿಯೆಲ್ಲ ಇರುವುದು ನನ್ನ ನಕ್ಷೆಯ ಗೆರೆ ಕುಸಿದ ಜಾಗದಲ್ಲಿಯೇ. ಹೀಗಾಗಿ ಯಾರೋ ಮಾತನಾಡುತ್ತಿದ್ದಾರೆ, ಕೋಪದಲ್ಲಿದ್ದಾರೆ ಅಥವಾ ನಗುತ್ತಿದ್ದಾರೆ ಎಂಬುದೆಲ್ಲ ತಿಳಿಯುತ್ತದೆ, ಏನು ಹೇಳಿದರು ಎಂಬುದು ಮಾತ್ರ ತಿಳಿಯುವುದಿಲ್ಲ. ನಮ್ಮ ಮನೆಯವರು ವರ್ಷಗಟ್ಟಲೆ ನನ್ನ ಮೇಲೆ ಹೊರಿಸಿದ್ದ, ಬೇಕಾದ್ದು ಮಾತ್ರ ಕೇಳಿಸುತ್ತದೆ ಎಂಬ ಆಪಾದನೆಗೆ ವೈಜ್ಞಾನಿಕ ಸಮಾಧಾನ ಇಲ್ಲಿ ದೊರೆಯಿತು. ಅವರು ಅದನ್ನು ಪೂರ್ತಿ ಒಪ್ಪಿದಂತೆ ಕಾಣುವುದಿಲ್ಲ.

ಸಾಧನದ ಆಯ್ಕೆ ನಾನು ಹೆದರಿದ್ದಷ್ಟು ಕಷ್ಟವಾಗಲಿಲ್ಲ. ಜೇಬಿನಲ್ಲಿಟ್ಟು ತಂತಿ ಎಳೆದುಕೊಳ್ಳುವ ಹಳೆಯ ಬಗೆಯಿಂದ ಹಿಡಿದು ಕಿವಿಯೊಳಗೇ ಅಡಗಿಕೊಳ್ಳುವ ಬಗೆಯವರೆಗೆ ಎಲ್ಲವೂ ಇವೆ. ತಗ್ಗಿನ ಸ್ಥಾಯಿ ಚೆನ್ನಾಗಿದ್ದು ಮೇಲಿನ ಸ್ಥಾಯಿ ಮಾತ್ರ ಹೋಗಿರುವವರಿಗೆ, ಯಂತ್ರ ಕಿವಿಯ ಹಿಂದೆ ಕುಳಿತು, ಸಣ್ಣ ತಂತಿಯ ತುದಿಯ ಪುಟ್ಟ ಸ್ಪೀಕರ್ ಮಾತ್ರ ಕಿವಿಯೊಳಗೆ ಇಳಿಯುವ ಬಗೆ ಹೆಚ್ಚು ಹೊಂದುತ್ತದೆ. ದರ ಹತ್ತಾರು ಸಾವಿರದಿಂದ ಲಕ್ಷಗಳವರೆಗೆ ಇದೆ. ನಾನು ಮಧ್ಯದ ದರದ್ದನ್ನು ಆರಿಸಿ, ಎರಡೂ ಕಿವಿಗೆ ಹಾಕಿಸಿಕೊಂಡೆ. ಒಂದೇ ಸಾಕೆಂಬ ನನ್ನ ಜಿಪುಣತನವನ್ನು ಶ್ರವಣತಜ್ಞರು ಒಂದೇ ಪ್ರಶ್ನೆಯಲ್ಲಿ ಮುಗಿಸಿದರು: ರಸ್ತೆ ದಾಟುವಾಗ ಹಾರ್ನ್ ಯಾವ ಕಡೆಯಿಂದ ಬಂತೆಂದು ನಿಮಗೆ ತಿಳಿಯಬೇಕೋ ಬೇಡವೋ?

ಹೊಂದಿಸುವ ದಿನ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ ಆಡಿಯೋಗ್ರಾಮಿನ ಅಂಕಿಗಳನ್ನು ಅದಕ್ಕೆ ಕೊಡುತ್ತಾರೆ. ಯಾವ ಸ್ಥಾಯಿಗೆ ಎಷ್ಟು ಬಲ ಕೊಡಬೇಕೆಂಬ ಲೆಕ್ಕಕ್ಕೆ ಸೂತ್ರಗಳಿವೆ; ಆಸ್ಟ್ರೇಲಿಯಾದ ರಾಷ್ಟ್ರೀಯ ಧ್ವನಿ ಪ್ರಯೋಗಾಲಯ ರೂಪಿಸಿದ ಸೂತ್ರ ಅವುಗಳಲ್ಲಿ ಬಹಳ ಬಳಕೆಯಲ್ಲಿರುವುದು. ಆದರೆ ಸೂತ್ರಕ್ಕೆ ಗೊತ್ತಿರುವುದು ಸರಾಸರಿ ಕಿವಿ. ನನ್ನ ಕಿವಿಯ ನಾಳದ ಉದ್ದ, ಅಗಲ, ತಿರುವು ನನ್ನವೇ ಆದ್ದರಿಂದ, ಮೆತ್ತನೆಯ ಸಣ್ಣ ನಳಿಕೆಯೊಂದನ್ನು ತಮಟೆಯ ಹತ್ತಿರದವರೆಗೆ ಇಳಿಸಿ, ಅಲ್ಲಿ ನಿಜವಾಗಿ ಎಷ್ಟು ಸದ್ದು ತಲುಪುತ್ತಿದೆ ಎಂದು ಅಳೆದು ತಿದ್ದುತ್ತಾರೆ. ಸ್ವಲ್ಪ ಕಚಗುಳಿಯಾಗುತ್ತದೆ, ನೋವಿಲ್ಲ. ಹೊಸದಾಗಿ ಹಾಕಿಸಿಕೊಳ್ಳುವವರಿಗೆ ನನ್ನ ಸಲಹೆಯೇನೆಂದರೆ, ಈ ಅಳತೆ ಮಾಡುತ್ತೀರಾ ಎಂದು ಮೊದಲೇ ವಿಚಾರಿಸಿ. ಎಲ್ಲ ಕಡೆಯೂ ಮಾಡುವುದಿಲ್ಲ.

ಯಂತ್ರ ಚಾಲೂ ಆದಾಗ ನಾನು ಮೊದಲು ಕೇಳಿದ್ದು ನನ್ನದೇ ಸಕಾರ. ‘ಸರಿ ಮೇಡಂ’ ಎಂದೆ. ಆ ಸಕಾರ ಬಾಯಿಂದ ಹೊರಟು ಸೀಟಿಯ ಹಾಗೆ ಕಿವಿಗೆ ಚುಚ್ಚಿತು. ಮೊದಲಿಗೇ ಪೂರ್ತಿ ಬಲ ಕೊಟ್ಟಿಲ್ಲ, ಸೂತ್ರ ಹೇಳಿದ್ದಕ್ಕಿಂತ ಕಡಿಮೆ ಇಟ್ಟು ವಾರಗಳಲ್ಲಿ ಏರಿಸುತ್ತಾ ಹೋಗುತ್ತೇವೆ ಎಂದು ಅವರು ಹೇಳಿದಾಗ, ಇದೇ ಕಡಿಮೆಯಾದರೆ ಪೂರ್ತಿ ಹೇಗಿರಬಹುದೆಂದು ಗಾಬರಿಯಾಯಿತು.

ಅದಕ್ಕಿಂತ ದೊಡ್ಡ ಕಿರಿಕಿರಿಯೆಂದರೆ ನನ್ನ ಸ್ವಂತ ದನಿ, ಖಾಲಿ ಕೊಡದೊಳಗೆ ಮುಖವಿಟ್ಟು ಮಾತನಾಡಿದಂತೆ ಗುಂಯ್‌ಗುಟ್ಟುತ್ತಿತ್ತು. ಇದರ ಪೂರ್ತಿ ಸ್ವರೂಪ ತಿಳಿದದ್ದು ಮನೆಗೆ ಬಂದ ಸಂಜೆ, ಮಂಡಕ್ಕಿಯ ತಟ್ಟೆ ಮುಂದೆ ಕುಳಿತಾಗ. ದಾವಣಗೆರೆಯವರಿಗೆ ಮಂಡಕ್ಕಿ, ಮೆಣಸಿನಕಾಯಿ ಇಲ್ಲದ ಸಂಜೆ ಸಂಜೆಯಲ್ಲ. ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದರೂ ಆ ಅಭ್ಯಾಸ ಬಿಟ್ಟಿಲ್ಲ. ಒಂದು ಹಿಡಿ ಬಾಯಿಗೆ ಹಾಕಿ ಅಗಿದೆನೋ ಇಲ್ಲವೋ, ತಲೆಬುರುಡೆಯೊಳಗೆ ಕರಕರ ಸದ್ದೆದ್ದು ಎದುರಿಗಿದ್ದ ಟಿವಿಯ ವಾರ್ತೆ ಮುಳುಗಿಹೋಯಿತು. ಅಗಿಯುವುದನ್ನು ನಿಲ್ಲಿಸಿದರೆ ವಾರ್ತೆ, ಅಗಿದರೆ ಮಂಡಕ್ಕಿ, ಎರಡೂ ಒಟ್ಟಿಗಿಲ್ಲ. ಮೊಮ್ಮಗಳು ಕೇಳಿದಳು, ‘ಅಜ್ಜ, ಯಾಕೆ ನಿಂತು ನಿಂತು ತಿಂತಿದ್ದೀಯ?’ ಕಾರಣ ಸರಳವಾದದ್ದೇ. ನಾವು ಮಾತನಾಡುವಾಗ, ಅಗಿಯುವಾಗ ದವಡೆಯ ಮೂಳೆಯ ಮೂಲಕ ಕಿವಿಯ ನಾಳಕ್ಕೆ ಬರುವ ತಗ್ಗಿನ ಸದ್ದು ಸಾಮಾನ್ಯವಾಗಿ ಕಿವಿಯ ಬಾಯಿಂದ ಹೊರಗೆ ಹೋಗುತ್ತದೆ. ಸ್ಪೀಕರಿನ ತುದಿಗೆ ಹಾಕುವ ಸಿಲಿಕೋನ್ ಟೊಪ್ಪಿ ಆ ದಾರಿಯನ್ನು ಮುಚ್ಚಿದರೆ ಅದು ಒಳಗೇ ಸಿಕ್ಕಿಕೊಂಡು ದೊಡ್ಡದಾಗುತ್ತದೆ. ತಗ್ಗಿನ ಸ್ಥಾಯಿ ಚೆನ್ನಾಗಿರುವ ನನ್ನಂಥವರಿಗೇ ಇದರ ಕಾಟ ಹೆಚ್ಚು.

ಮುಂದಿನ ಭೇಟಿಯಲ್ಲಿ ತೂತುಗಳಿರುವ ಟೊಪ್ಪಿ ಹಾಕಿದರು. ದನಿ ಕೊಡದಿಂದ ಹೊರಗೆ ಬಂತು, ಮಂಡಕ್ಕಿಯೂ ಹದಕ್ಕೆ ಬಂತು. ಆದರೆ ತೂತಿನಿಂದ ಹೊರಬಿದ್ದ ಸದ್ದನ್ನು ಮೈಕು ಮತ್ತೆ ಹಿಡಿದು ಒಳಗೆ ಕಳುಹಿಸಿದರೆ ಕುಂಯ್ ಎಂಬ ಕೂಗು ಏಳುತ್ತದೆ. ಹೆಲ್ಮೆಟ್ ಹಾಕಿಕೊಳ್ಳುವಾಗ, ಮೊಮ್ಮಗಳನ್ನು ಅಪ್ಪಿಕೊಂಡಾಗ, ದಿಂಬಿಗೆ ಒರಗಿದಾಗ ಈ ಕೂಗು ಗ್ಯಾರಂಟಿ. ಅದನ್ನು ಅಡಗಿಸುವ ವ್ಯವಸ್ಥೆ ಯಂತ್ರದಲ್ಲೇ ಇದೆ, ಆದರೆ ಅದಕ್ಕೂ ಒಂದು ಮಿತಿಯಿದೆ. ತೂತು ದೊಡ್ಡದಾದಷ್ಟೂ ಮೇಲಿನ ಸ್ಥಾಯಿಗೆ ಕೊಡಬಹುದಾದ ಬಲ ಕಡಿಮೆಯಾಗುತ್ತದೆ, ಚಿಕ್ಕದಾದಷ್ಟೂ ಸ್ವಂತ ದನಿಯ ಕಾಟ ಹೆಚ್ಚುತ್ತದೆ. ಇವೆರಡರ ನಡುವೆ ನನಗೆ ಒಪ್ಪುವ ಜಾಗ ಸಿಗಲು ಟೊಪ್ಪಿಯ ಅಳತೆಯನ್ನು ಮತ್ತೆ ಬದಲಾಯಿಸಬೇಕಾಯಿತು.

ಸ್ಟೀಲ್ ಪಾತ್ರೆಗಳ ವಿಷಯ ಇನ್ನೊಂದು. ಅಡುಗೆಮನೆಯ ಸಿಂಕಿಗೆ ಒಂದು ತಟ್ಟೆ ಬಿದ್ದರೆ ನಾನು ಕುಳಿತಲ್ಲೇ ಬೆಚ್ಚುತ್ತಿದ್ದೆ. ಕಿವಿ ಮಂದವಾದವನಿಗೆ ಜೋರು ಸದ್ದು ಹಿತವಾಗಬೇಕಲ್ಲವೇ ಎಂದು ಜನ ತಿಳಿದಿರುತ್ತಾರೆ. ನಿಜ ಸಂಗತಿ ಬೇರೆ: ಒಳಗಿವಿ ಹಾಳಾದವರಿಗೆ ಸಣ್ಣ ಸದ್ದು ಕೇಳಿಸುವುದಿಲ್ಲ, ಆದರೆ ಜೋರಾದ ಸದ್ದು ಎಲ್ಲರಿಗೆ ಕೇಳಿಸುವಷ್ಟೇ ಜೋರಾಗಿ ಕೇಳಿಸುತ್ತದೆ, ಹೀಗಾಗಿ ಕೇಳಿಸದಿರುವುದಕ್ಕೂ ತಡೆಯಲಾಗದಿರುವುದಕ್ಕೂ ನಡುವಿನ ಅಂತರ ಬಹಳ ಕಿರಿದಾಗಿಬಿಡುತ್ತದೆ. ಕಿವಿಯಲ್ಲಿ ಮುಖ ಹುದುಗಿಸಿ ಕೂಗುವ ನೆಂಟರಿಗೆ ಈ ಒಂದು ವಾಕ್ಯವನ್ನು ಓದಿ ಹೇಳಬೇಕೆಂದು ನನಗೆ ಆಸೆ. ಈಗಿನ ಯಂತ್ರಗಳು ಸಣ್ಣ ಸದ್ದಿಗೆ ಹೆಚ್ಚು ಬಲ ಕೊಟ್ಟು ಜೋರು ಸದ್ದಿಗೆ ಕಡಿಮೆ ಕೊಡುತ್ತವೆ, ಅದರ ಮೇಲೆ ಗರಿಷ್ಠ ಸದ್ದಿಗೊಂದು ಮಿತಿಯನ್ನೂ ಹಾಕಬಹುದು. ಆ ಮಿತಿ ನನಗೆ ಸ್ವಲ್ಪ ಮೇಲಿತ್ತು, ಇಳಿಸಿದರು.

ಇಳಿಸಲು ಸಾಧ್ಯವಾದದ್ದು ನಾನು ತಟ್ಟೆಯ ಮಾತು ಹೇಳಿದ್ದರಿಂದ. ಸರಿಯಾಗುತ್ತಿಲ್ಲ ಎಂದಷ್ಟೇ ಹೇಳಿದರೆ ಕಂಪ್ಯೂಟರಿನ ಮುಂದೆ ಕುಳಿತವರು ಏನನ್ನು ತಿದ್ದಬೇಕು? ಮಂಡಿಯ ಹಳೆಯ ಅಭ್ಯಾಸದಂತೆ ನಾನೊಂದು ಸಣ್ಣ ಪುಸ್ತಕ ಇಟ್ಟುಕೊಂಡು ಯಾವ ಸದ್ದು, ಯಾವ ಜಾಗ, ಎಷ್ಟು ದೂರ, ಯಾವ ಕಿವಿ ಎಂದು ಬರೆಯುತ್ತಾ ಬಂದೆ. ಫ್ಯಾನಿನ ಕೆಳಗೆ ಮಾತನಾಡಿದಾಗ ಗಾಳಿಯ ಸದ್ದು ಮಾತಿನ ಮೇಲೆ ಬರುತ್ತದೆ; ಮೊಮ್ಮಗಳ ಮಾತು ಪಕ್ಕದ ಕೋಣೆಯಿಂದ ಬಂದರೆ ತಿಳಿಯುವುದಿಲ್ಲ, ಎದುರಿಗಿದ್ದರೆ ತಿಳಿಯುತ್ತದೆ; ಪೇಪರ್ ಮಡಿಸುವ ಸದ್ದು ಎಡಗಿವಿಯಲ್ಲಿ ಮಾತ್ರ ಹರಿತ. ಇಂಥ ಟಿಪ್ಪಣಿಗಳನ್ನು ಓದಿದ ಶ್ರವಣತಜ್ಞರು ಒಂದೊಂದಕ್ಕೂ ಒಂದೊಂದು ಗೆರೆಯನ್ನು ಪರದೆಯ ಮೇಲೆ ಏರಿಸಿ ಇಳಿಸಿದರು. ಮಿಷನ್ನಿಗೆ ಕೊಟ್ಟ ಹಣದಲ್ಲಿ ಅರ್ಧದಷ್ಟು ಈ ಕೆಲಸಕ್ಕೆ ಸಲ್ಲಬೇಕೆಂದು ನನ್ನ ಎಣಿಕೆ, ಮತ್ತು ಈ ಕೆಲಸಕ್ಕೆ ಸಮಯ ಕೊಡದವರಿಂದ ಎಷ್ಟೇ ದುಬಾರಿ ಯಂತ್ರ ಕೊಂಡರೂ ಅದು ಕಪಾಟು ಸೇರುತ್ತದೆ.

ಉಳಿದ ಕೆಲಸ ಮೆದುಳಿನದು. ವರ್ಷಗಟ್ಟಲೆ ಬಾರದೇ ಇದ್ದ ಸದ್ದುಗಳು ಒಮ್ಮೆಲೇ ಬಂದಾಗ, ಯಾವುದನ್ನು ಗಮನಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿಂಗಡಣೆಯನ್ನು ಅದು ಹೊಸದಾಗಿ ಕಲಿಯಬೇಕು, ಅದಕ್ಕೆ ವಾರಗಳು, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಫ್ರಿಜ್ಜಿನ ಗುನುಗು, ಚಪ್ಪಲಿಯ ಚರಚರ, ಪಂಚೆಯ ಸರಸರ ಎಲ್ಲವೂ ಮೊದಲು ಮಾತಿನಷ್ಟೇ ಮುಂದೆ ಬಂದು ನಿಲ್ಲುತ್ತಿದ್ದವು. ಮದುವೆ ಮುಂಜಿಗೆ ಮಾತ್ರ ಹಾಕಿಕೊಂಡು ಮನೆಯಲ್ಲಿ ತೆಗೆದಿಡುವವರಿಗೆ ಈ ಕಲಿಕೆ ಎಂದೂ ಮುಗಿಯುವುದಿಲ್ಲ. ನಾನು ಎದ್ದಾಗಿನಿಂದ ಮಲಗುವವರೆಗೆ ಹಾಕಿಕೊಂಡೆ. ಬೆಳಿಗ್ಗೆ ದಿನಪತ್ರಿಕೆಯ ಒಂದು ಅಂಕಣವನ್ನು ಗಟ್ಟಿಯಾಗಿ ಓದಿಕೊಳ್ಳುವುದು ಒಳ್ಳೆಯ ಅಭ್ಯಾಸ, ಏನು ಬರುತ್ತದೆಂದು ಕಣ್ಣಿಗೆ ಮೊದಲೇ ಗೊತ್ತಿರುವುದರಿಂದ ಕಿವಿ ಅದನ್ನು ಹೊಂದಿಸಿಕೊಳ್ಳುತ್ತದೆ. ನನ್ನ ಸಕಾರ ಯಾವಾಗ ಸಾಮಾನ್ಯವಾಯಿತೆಂದು ನನಗೆ ತಿಳಿಯಲೇ ಇಲ್ಲ.

ಸಾಧ್ಯವಾಗದ್ದನ್ನೂ ಹೇಳಬೇಕು. ಕಲ್ಯಾಣ ಮಂಟಪದ ಊಟದ ಮನೆಯಲ್ಲಿ, ಒಂದು ಕಡೆ ವಾಲಗ, ಇನ್ನೊಂದು ಕಡೆ ಬಡಿಸುವವರ ಕೂಗು ಇರುವಾಗ, ಯಾವ ಮಿಷನ್ನೂ ನನ್ನನ್ನು ಮೂವತ್ತರ ಹುಡುಗನನ್ನಾಗಿ ಮಾಡುವುದಿಲ್ಲ. ಎದುರಿನ ಸದ್ದನ್ನು ಹೆಚ್ಚು ಹಿಡಿದು ಹಿಂದಿನದನ್ನು ಕಡಿಮೆ ಮಾಡುವ ಮೈಕುಗಳು ಇವೆ, ಅವುಗಳ ಉಪಯೋಗ ಪಡೆಯಲು ಗದ್ದಲಕ್ಕೆ ಬೆನ್ನು ಮಾಡಿ, ಮಾತನಾಡುವವರಿಗೆ ಮುಖ ಮಾಡಿ, ಒಂದೆರಡು ಮೀಟರಿನೊಳಗೆ ಕುಳಿತುಕೊಳ್ಳಬೇಕು. ಮಿಲ್ಲಿನಲ್ಲಿ ಕಲಿತ ತುಟಿಯ ವಿದ್ಯೆ ಅಲ್ಲಿ ಈಗಲೂ ನನ್ನ ಕೈಹಿಡಿಯುತ್ತದೆ. ಫೋನಿನ ವಿಷಯದಲ್ಲಿ ಹಳೆಯ ಅಭ್ಯಾಸ ಬಿಡಬೇಕು, ಯಂತ್ರದ ಮೈಕು ಕಿವಿಯ ಮೇಲೆ ಇರುವುದರಿಂದ ಫೋನನ್ನು ಕಿವಿಯ ತೂತಿಗೆ ಒತ್ತದೆ ತುಸು ಮೇಲಕ್ಕೆ ಹಿಡಿಯಬೇಕು.

ನಿರ್ವಹಣೆಯಲ್ಲಿ ನಮ್ಮ ಕಡೆಯವರಿಗೆ ದೊಡ್ಡ ವೈರಿ ಎಣ್ಣೆ. ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಯಂತ್ರ ಮುಟ್ಟಬಾರದು, ದೀಪಾವಳಿಯ ಎಣ್ಣೆಸ್ನಾನದ ದಿನ ಕಿವಿ ಚೆನ್ನಾಗಿ ಒಣಗುವವರೆಗೆ ಹಾಕಿಕೊಳ್ಳಬಾರದು, ಕಿವಿಗೆ ಬಿಸಿ ಎಣ್ಣೆ ಬಿಡುವ ಪದ್ಧತಿಯನ್ನಂತೂ ಮರೆಯಬೇಕು. ಬೆವರು, ತೇವ ಆರಲು ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡುತ್ತೇನೆ. ಗುಗ್ಗೆ ತಡೆಯುವ ಪುಟ್ಟ ಜಾಲರಿಯನ್ನು ಆಗಾಗ ಬದಲಾಯಿಸದಿದ್ದರೆ ಯಂತ್ರ ಸತ್ತಿತೆಂದೇ ಅನ್ನಿಸುತ್ತದೆ. ನನ್ನದು ಚಾರ್ಜ್ ಮಾಡುವ ಬಗೆಯದಲ್ಲ, ಕಂದು ಪಟ್ಟಿಯ 312 ನಂಬರಿನ ಸೆಲ್ಲಿನದು. ಈ ಸೆಲ್ಲುಗಳು ಗಾಳಿಯಿಂದ ಕೆಲಸ ಮಾಡುತ್ತವೆ. ಪಟ್ಟಿ ಕಿತ್ತು ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಬೇಕು, ಪಟ್ಟಿ ಕಿತ್ತ ಮೇಲೆ ಬಳಸಿದರೂ ಬಳಸದಿದ್ದರೂ ಅವು ಸವೆಯುತ್ತವೆ. ಮಕ್ಕಳ ಕೈಗೆ ಸಿಗದಂತೆ ಇಡಬೇಕು, ನುಂಗಿದರೆ ಅಪಾಯ.

ಹಣದ ಸಹಾಯದ ಬಗ್ಗೆ ಹಲವರು ಕೇಳಿದ್ದಾರೆ. ಕಡಿಮೆ ಆದಾಯದ, ಅಂಗವೈಕಲ್ಯದ ಪ್ರಮಾಣಪತ್ರ ಇರುವವರಿಗೆ ಕೇಂದ್ರ ಸರ್ಕಾರ 1981ರಿಂದ ನಡೆಸುತ್ತಿರುವ ಅಡಿಪ್ ಯೋಜನೆಯಲ್ಲಿ ಸಾಧನ ದೊರೆಯುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ ಮಾತಿನ ಸ್ಥಾಯಿಗಳ ನಷ್ಟ 60 ಡೆಸಿಬೆಲ್ ಮುಟ್ಟಿದರೆ ಮಾತ್ರ ಶ್ರವಣದೋಷವೆಂದು ಪರಿಗಣಿಸುತ್ತಾರೆ. ನನ್ನ ಸರಾಸರಿ 45ರ ಹತ್ತಿರ. ಸೊಪ್ಪಿಗೂ ಉಪ್ಪಿಗೂ ವ್ಯತ್ಯಾಸ ತಿಳಿಯದಿದ್ದರೂ ಕಾನೂನಿನ ಕಣ್ಣಿನಲ್ಲಿ ನಾನು ಕೇಳಬಲ್ಲವನು, ಮಿಲ್ಲಿನಿಂದ ಪರಿಹಾರ ಕೇಳೋಣವೆಂದರೆ ಮಿಲ್ಲೇ ಇಲ್ಲ.

ಮುಂದಿನ ಭೇಟಿಗೆಂದು ಪುಸ್ತಕದಲ್ಲಿ ಸದ್ಯಕ್ಕೆ ಬರೆದಿಟ್ಟಿರುವುದು ಇಷ್ಟು: ಬಸ್ ಸ್ಟ್ಯಾಂಡಿಗೆ ಪ್ರತ್ಯೇಕವಾದ ಒಂದು ಪ್ರೋಗ್ರಾಂ ಬೇಕು, ಮಾಸ್ಕ್ ತೆಗೆಯುವಾಗ ಬಲಗಿವಿಯ ಯಂತ್ರ ದಾರದ ಜೊತೆಗೇ ಕಿತ್ತು ಬರುತ್ತಿದೆ, ಮತ್ತು ಕುಕ್ಕರಿನ ಸೀಟಿ ಇನ್ನೂ ಒಂದು ಗೆರೆ ಇಳಿಯಬೇಕು, ಆದರೆ ಮೊಮ್ಮಗಳ ದನಿ ಇಳಿಯಬಾರದು.